ಹತ್ಯಾರ ಬಂತು, ಹಲಗೆ ಬರಲಿಲ್ಲ

ಮಾನ್ಯ ಸಂಪಾದಕರಿಗೆ ನಮಸ್ಕಾರ.

ಕಳೆದ ವಾರ ನಿಮ್ಮ ಜಿಲ್ಲಾ ಪುಟದಲ್ಲಿ ಬಡಿಗೇರ ಹುಡುಗನೊಬ್ಬನ ಫೋಟೊ ಬಂದಿತ್ತು. ಪಿಎಂ ವಿಶ್ವಕರ್ಮ ಯೋಜನೆಯಲ್ಲಿ ಸಿಕ್ಕ ಹೊಸ ಡ್ರಿಲ್ ಮಶಿನ್ ಕೈಯಲ್ಲಿ, ನಗು ಮುಖದ ತುಂಬಾ. ನನ್ನ ಕಣ್ಣು ಹೋಗಿದ್ದು ಅವನ ಕಾಲಿಗೆ. ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು, ಕಿಟಕಿಯ ಪಟ್ಟಿಯನ್ನು ಎಡಗಾಲ ಹೆಬ್ಬೆರಳಿನಿಂದ ಒತ್ತಿ ಹಿಡಿದು, ಅಲ್ಲಿಂದ ನಾಲ್ಕೇ ಬೆರಳು ಆಚೆಗೆ ಡ್ರಿಲ್ ಇಳಿಸುತ್ತಿದ್ದ. ಆ ಪುಟ ಇನ್ನೂ ನನ್ನ ಮೇಜಿನ ಮೇಲಿದೆ.

ಯೋಜನೆಯ ಬಗ್ಗೆ ನನಗೆ ತಕರಾರಿಲ್ಲ. 2023ರ ಸೆಪ್ಟೆಂಬರ್ 17ರಂದು, ವಿಶ್ವಕರ್ಮ ಜಯಂತಿಯ ದಿನವೇ ಶುರುವಾದದ್ದು. ಬಡಿಗತನವೂ ಸೇರಿ 18 ಕಸುಬುಗಳು, 15,000 ರೂಪಾಯಿಯವರೆಗೆ ಹತ್ಯಾರದ ವೋಚರ್, ಐದರಿಂದ ಏಳು ದಿನದ ತರಬೇತಿ, ದಿನಕ್ಕೆ 500 ರೂಪಾಯಿ ಭತ್ಯೆ. ಒಳ್ಳೆಯದೇ. ಆದರೆ ಹತ್ಯಾರ ಹಿಡಿಯಲು ಎರಡೂ ಕೈ ಬೇಕಾದಾಗ ಕಟ್ಟಿಗೆಯನ್ನು ಯಾರು ಹಿಡಿಯಬೇಕು? ಅದನ್ನು ಯಾರೂ ಯೋಚಿಸಿದಂತಿಲ್ಲ.

ನಮ್ಮಪ್ಪನೂ ನೆಲದ ಮೇಲೆ ಕೂತೇ ಕೆಲಸ ಮಾಡಿದವನು. ಕೂರಿಗೆ, ಕುಂಟೆ, ಚಕ್ಕಡಿಯ ಗಾಲಿ. ಅವನ ಕಾಲೇ ಅವನ ವೈಸ್, ಅಂದರೆ ಕಟ್ಟಿಗೆಯನ್ನು ಬಿಗಿದು ಹಿಡಿಯುವ ಸಾಧನ. ಬಾಚಿಯ ಪೆಟ್ಟು ಹೆಬ್ಬೆರಳ ಪಕ್ಕದಲ್ಲೇ ಬೀಳುತ್ತಿತ್ತು, ಒಮ್ಮೆಯೂ ತಪ್ಪಿದ್ದು ನಾನು ನೋಡಿಲ್ಲ. ಆ ಕೂರುವಿಕೆಯನ್ನು ನಾನು ಹೀಗಳೆಯುವುದಿಲ್ಲ. ಆದರೆ ಬಾಚಿ ಹೊಡೆಯುವವನ ಕೈ ನಿಂತರೆ ಬಾಚಿ ನಿಲ್ಲುತ್ತದೆ. ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುವ ಗರಗಸ ಹಾಗಲ್ಲ. ಮಶಿನ್ ಬದಲಾಯಿತು, ಕಾಲು ಮಾತ್ರ ಹಳೆಯ ಜಾಗದಲ್ಲೇ ಉಳಿಯಿತು.

ಅದಕ್ಕೇ ಈ ಪತ್ರ, ಕಟ್ಟಿಗೆಯನ್ನು ಹಿಡಿದುಕೊಳ್ಳಲು ನಾನು ಮಾಡಿಕೊಂಡ ತೂತಿನ ಮೇಜಿನ ಬಗ್ಗೆ. ಉದ್ದವಾದೀತು, ಕ್ಷಮಿಸಿ. ಕತ್ತರಿಸುವುದಿದ್ದರೆ ಅಳತೆಗಳನ್ನು ಮಾತ್ರ ಕತ್ತರಿಸಬೇಡಿ.

ನಾನು ಬೆಳಗಾವಿಯ ಉದ್ಯಮಬಾಗದ ಫೌಂಡ್ರಿಯೊಂದರಲ್ಲಿ 34 ವರ್ಷ ಪ್ಯಾಟರ್ನ್ ಮೇಕರ್ ಆಗಿದ್ದೆ. ಎರಕ ಹೊಯ್ಯುವ ಮೊದಲು ಆ ಭಾಗದ್ದೇ ಆಕಾರವನ್ನು ಸಾಗವಾನಿಯಲ್ಲಿ ಕೆತ್ತಬೇಕು. ಅದನ್ನು ಮರಳಿನಲ್ಲಿ ಒತ್ತಿ ತೆಗೆದರೆ ಉಳಿಯುವ ಪೊಳ್ಳಿಗೆ ಕರಗಿದ ಕಬ್ಬಿಣ ಸುರಿಯುತ್ತಾರೆ. ಆ ಕೆತ್ತುವ ಕೆಲಸ ನನ್ನದು. ಈಗ ಅದನ್ನೆಲ್ಲ ಕಂಪ್ಯೂಟರ್ ಮಶಿನ್ನುಗಳು ಅಲ್ಯುಮಿನಿಯಂನಲ್ಲೇ ಕಡಿದುಬಿಡುತ್ತವೆ. ನಿವೃತ್ತಿಯ ನಂತರ ಮನೆಯ ಹಿಂದಿನ ತಗಡಿನ ಶೆಡ್ಡಿನಲ್ಲಿ ಕುರ್ಚಿ ರಿಪೇರಿ, ಕಪಾಟು, ಮೊಮ್ಮಕ್ಕಳ ಆಟಿಕೆ ಎಂದು ದಿನ ಕಳೆಯುತ್ತೇನೆ.

ತೂತಿನ ಮೇಜಿನ ಹುಚ್ಚು ಹಿಡಿದದ್ದು ಹೀಗೆ. ಜರ್ಮನಿಯ ಫೆಸ್ಟೂಲ್ ಕಂಪನಿಯದು ಎಂಎಫ್‌ಟಿ ಎಂಬ ಕೆಲಸದ ಮೇಜಿದೆ. ಅದರ ಹಲಗೆಯ ತುಂಬಾ 20 ಮಿಲಿಮೀಟರ್ ತೂತುಗಳು, ಒಂದರ ನಡುವಿನಿಂದ ಮುಂದಿನದರ ನಡುವಿಗೆ ಸರಿಯಾಗಿ 96 ಮಿಲಿಮೀಟರ್. ಆ ತೂತುಗಳಲ್ಲಿ ಗೂಟ ನಿಲ್ಲಿಸಿ, ಗೂಟಕ್ಕೆ ಹಲಗೆ ಆನಿಸಿ ಕೊಯ್ದರೆ ಕೋನ ತಪ್ಪುವುದಿಲ್ಲ. 96 ಎಂಬುದು ಎಲ್ಲಿಂದಲೋ ಬಂದ ಸಂಖ್ಯೆಯಲ್ಲ. ಯುರೋಪಿನ ಕಪಾಟು ಮಾಡುವವರ ಲೆಕ್ಕವೆಲ್ಲ 32ರಲ್ಲಿ ನಡೆಯುತ್ತದೆ, ಅದರ ಮೂರು ಪಟ್ಟು 96. ನಮ್ಮ ಹಾರ್ಡ್‌ವೇರ್ ಅಂಗಡಿಗಳಲ್ಲಿ ಡ್ರಾವರಿನ ಹ್ಯಾಂಡಲ್ ಕೇಳಿದರೆ ‘96 ಎಂಎಂ ಕೊಡ್ಲ್ಯಾ?’ ಎನ್ನುತ್ತಾರಲ್ಲ, ಅದೂ ಇದೇ ಮನೆತನದ್ದು. ಆ ಮೇಜಿನ ಬೆಲೆ ನೋಡಿ, ಮೊಬೈಲನ್ನು ಮಗಳ ಕೈಗೆ ವಾಪಸ್ ಕೊಟ್ಟೆ.

ಹಲಗೆಗೆ ತೂತು ಹೊಡೆಯುವುದು ಪ್ಯಾಟರ್ನ್ ಮೇಕರನಿಗೆ ಯಾವ ಲೆಕ್ಕ ಎಂಬ ಸೊಕ್ಕು ನನಗಿತ್ತು. 18 ಮಿಲಿಮೀಟರ್ ದಪ್ಪದ ಎಂಡಿಎಫ್ ಹಾಳೆ ತಂದೆ, ಮರದ ನಾರನ್ನು ಅಂಟು ಹಾಕಿ ಒತ್ತಿ ಮಾಡಿದ್ದು. ಎಂಟು ಅಡಿ, ನಾಲ್ಕು ಅಡಿ, ಅಂದರೆ 2440 ಮತ್ತು 1220. ಅದರಲ್ಲಿ 1220 ಉದ್ದ, 760 ಅಗಲದ ಮೂರು ಹಲಗೆ ಬಂದವು. ಮೊದಲನೆಯದಕ್ಕೆ ಪೆನ್ಸಿಲಿನಿಂದ ಗೆರೆ ಎಳೆದೆ. ಉದ್ದಕ್ಕೆ 12, ಅಗಲಕ್ಕೆ 7, ಒಟ್ಟು 84 ಚುಕ್ಕಿ. ಪಂಚ್ ಹೊಡೆದು, ಕೈ ಡ್ರಿಲ್ಲಿನಿಂದ ಎರಡು ದಿನ ಕೂತು ತೂತು ಹೊಡೆದೆ. ಪಕ್ಕದ ಗಲ್ಲಿಯಲ್ಲಿ ಮಾಡ್ಯುಲರ್ ಕಿಚನ್ ಕೆಲಸ ಮಾಡುವ ಹುಡುಗನೊಬ್ಬನಿದ್ದಾನೆ. ಬಾಗಿಲಲ್ಲಿ ನಿಂತು, “ಕಾಕಾ, ಇದೇನ್ರಿ, ಕಟ್ಟಿಗಿಗೆ ಹುಳಾ ಹತ್ತೇತೇನು?” ಅಂದ. ಒಳಗಿನಿಂದ ನನ್ನ ಹೆಂಡತಿ, “ಹುಳಾ ಅಲ್ಲೋ, ಬುಂದಿ ಝಾರಿ ಮಾಡಾಕತ್ತಾರ” ಅಂದಳು.

ಮೊದಲ ಕಪಾಟಿನ ಬಾಗಿಲು ಕೊಯ್ದು ಗುಣ್ಯಾ (ಮೂಲೆಮಟ್ಟ) ಹಿಡಿದರೆ ಎರಡು ಮಿಲಿಮೀಟರ್ ಓರೆ. ಸರಿ, ಒಂದೊಂದು ತೂತು ಕೂದಲೆಳೆಯಷ್ಟು ಜರುಗಿರಬೇಕು ಎಂದು ಟೇಪು ಹಿಡಿದು ಅಳೆದೆ. ಮೊದಲ ತೂತಿನಿಂದ ಹನ್ನೆರಡನೆಯ ತೂತಿಗೆ 1056 ಇರಬೇಕಿತ್ತು. ಇದ್ದದ್ದು 1066. ಹತ್ತು ಮಿಲಿಮೀಟರ್! ಇಷ್ಟು ಕೆಟ್ಟ ಕೆಲಸವನ್ನು ನಾನು ಹದಿನೆಂಟರ ವಯಸ್ಸಿನಲ್ಲೂ ಮಾಡಿರಲಿಲ್ಲ. ಅರ್ಧ ಗಂಟೆ ತಲೆ ಕೆಡಿಸಿಕೊಂಡ ಮೇಲೆ ಕೈಯಲ್ಲಿದ್ದ ಸ್ಕೇಲನ್ನು ತಿರುಗಿಸಿ ನೋಡಿದೆ. ಅದು ನನ್ನ ಫೌಂಡ್ರಿ ಸ್ಕೇಲು.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಕರಗಿದ ಬೀಡು ಕಬ್ಬಿಣ ತಣ್ಣಗಾದಾಗ ನೂರಕ್ಕೆ ಸುಮಾರು ಒಂದು ಪಾಲು ಕುಗ್ಗುತ್ತದೆ. ಹಾಗಾಗಿ ಪ್ಯಾಟರ್ನನ್ನು ಅಷ್ಟು ದೊಡ್ಡದಾಗಿಯೇ ಕೆತ್ತಬೇಕು. ಪ್ರತಿ ಸಲ ಲೆಕ್ಕ ಹಾಕುತ್ತ ಕೂರಬಾರದೆಂದು ನಮಗೆ ಬೇರೆ ಸ್ಕೇಲೇ ಇರುತ್ತದೆ. ಅದರಲ್ಲಿ ಒಂದು ಮೀಟರ್ ಎಂದು ಬರೆದದ್ದು ನಿಜಕ್ಕೂ 1010 ಮಿಲಿಮೀಟರ್. ಮೂವತ್ತನಾಲ್ಕು ವರ್ಷ ಕೈಯಲ್ಲಿದ್ದ ಸ್ಕೇಲು ತಾನಾಗಿಯೇ ಕೈಗೆ ಬಂದಿತ್ತು. ಆ ಹಲಗೆಯನ್ನು ಎರಕ ಹೊಯ್ದಿದ್ದರೆ, ತಣ್ಣಗಾಗಿ ಸರಿಯಾಗಿ 1056ಕ್ಕೇ ಬರುತ್ತಿತ್ತು!

ಆದರೆ ಆ ತಪ್ಪಿನಿಂದಲೇ ಒಂದು ಮಾತು ಹೊಳೆಯಿತು. ಸ್ಕೇಲು ಒಂದು ಪಾಲು ದೊಡ್ಡದಾದರೆ ಚೌಕ ದೊಡ್ಡದಾಗುತ್ತದೆ, ಓರೆಯಾಗುವುದಿಲ್ಲ. ಓರೆಯಾದದ್ದು 84 ಚುಕ್ಕಿಗಳನ್ನು 84 ಸಲ ಅಳೆದದ್ದಕ್ಕೆ. ಅಳತೆ ಎಷ್ಟಿದೆ ಎನ್ನುವುದಕ್ಕಿಂತ ಎಲ್ಲ ಅಳತೆಯೂ ಒಂದೇ ಆಗಿರಬೇಕು. ಹಾಗಿದ್ದರೆ ಅಳೆಯುವುದನ್ನೇ ಬಿಟ್ಟರಾಯಿತು.

40 ಮಿಲಿಮೀಟರ್ ಅಗಲ, 10 ಮಿಲಿಮೀಟರ್ ದಪ್ಪ, 1100 ಉದ್ದದ ಎರಡು ಕಬ್ಬಿಣದ ಪಟ್ಟಿ ತಂದೆ. ಉದ್ಯಮಬಾಗದಲ್ಲಿ ಪರಿಚಯದ ಮಶಿನ್ ಶಾಪಿನಲ್ಲಿ ಎರಡನ್ನೂ ಒಂದರ ಮೇಲೊಂದು ಬಿಗಿದು, ಒಟ್ಟಿಗೇ 12 ತೂತು ಹೊಡೆಸಿದೆ. 6 ಮಿಲಿಮೀಟರ್ ತೂತು, 96ರ ಅಂತರ. ಒಟ್ಟಿಗೇ ಹೊಡೆದದ್ದರಿಂದ ಒಂದು ಪಟ್ಟಿಗೂ ಇನ್ನೊಂದಕ್ಕೂ ಭೇದವಿಲ್ಲ. ನನ್ನ ಇಡೀ ಮೇಜು ನಿಂತಿರುವುದು ಈ ಎರಡು ಪಟ್ಟಿಗಳ ಮೇಲೆ.

ಹಲಗೆಯ ಮುಂದಿನ ಅಂಚಿನಿಂದ 92 ಮಿಲಿಮೀಟರ್ ಒಳಗೆ ಒಂದು ಪಟ್ಟಿ ಬಿಗಿದು, ಅದರ ತೂತುಗಳೊಳಗಿಂದಲೇ ಮೊದಲ ಸಾಲಿನ 12 ತೂತು ಹೊಡೆದೆ. ಪಟ್ಟಿ 10 ಮಿಲಿಮೀಟರ್ ದಪ್ಪವಿರುವುದರಿಂದ ಡ್ರಿಲ್ಲಿನ ಬಿಟ್ಟು (ಕೊರೆಯುವ ಕಡ್ಡಿ) ಆಚೀಚೆ ಓಲಾಡುವುದಿಲ್ಲ. ಮುಂದಿನದು ಮೂಲೆ. ಶಾಲೆಯಲ್ಲಿ 3, 4, 5ರ ತ್ರಿಕೋನ ಎಲ್ಲರೂ ಓದಿರುತ್ತೀರಿ, ಗೌಂಡಿಗಳು ಪಾಯ ಗುರುತು ಮಾಡುವಾಗ ದಾರ ಹಿಡಿಯುವುದೂ ಅದನ್ನೇ. ಅದನ್ನು ಇಮ್ಮಡಿ ಮಾಡಿದರೆ 6, 8, 10. ನನ್ನ ಹಲಗೆಯ ಅಗಲಕ್ಕೆ ಏಳು ಸಾಲು ಅಂದರೆ ಆರು ಅಂತರ. ಅದೇನು ಪುಣ್ಯವೋ, ಸರಿಯಾಗಿ ಕೂತಿತು.

ಮೂಲೆಯ ತೂತಿಗೆ ಪಿನ್ನು ಹಾಕಿ ಒಂದು ಪಟ್ಟಿಯನ್ನು ಹಿಂದಕ್ಕೆ ಚಾಚಿದೆ. ಮೂಲೆಯಿಂದ ಎಂಟು ಅಂತರ ಆಚೆ, ಅಂದರೆ ಒಂಬತ್ತನೆಯ ತೂತಿಗೆ ಪಿನ್ನು ಹಾಕಿ ಇನ್ನೊಂದನ್ನು ಓರೆಯಾಗಿ ತಂದೆ. ಮೊದಲ ಪಟ್ಟಿಯ ಏಳನೆಯ ತೂತು ಎರಡನೆಯ ಪಟ್ಟಿಯ ಹನ್ನೊಂದನೆಯ ತೂತಿನ ಕೆಳಗೆ ಬರುವವರೆಗೆ ಎರಡನ್ನೂ ಜರುಗಿಸುತ್ತ ಹೋದರೆ, ಒಂದು ಗಳಿಗೆಯಲ್ಲಿ 6 ಮಿಲಿಮೀಟರ್ ಪಿನ್ನು ‘ಚುಳಕ್’ ಎಂದು ಎರಡರಲ್ಲೂ ಇಳಿಯುತ್ತದೆ. ಇಳಿದರೆ ಮೂಲೆ ಗುಣ್ಯಾಕ್ಕೆ ಬಂತು ಎಂದೇ ಅರ್ಥ. ಓರೆ ಪಟ್ಟಿ ಇನ್ನೊಂದರ ಮೇಲೆ ಹತ್ತಿ ಕೂರುತ್ತದೆ, ಅದಕ್ಕೆ ಅದರ ಈಚೆ ತುದಿಗೂ 10 ಮಿಲಿಮೀಟರಿನ ತುಂಡು ಕೊಟ್ಟು ಎತ್ತರಿಸಬೇಕು. ಇದು ತಿಳಿಯದೆ ಮೊದಲು ಒಂದು ಗಂಟೆ ಹೆಣಗಾಡಿದೆ.

ಹಿಂದಕ್ಕೆ ಚಾಚಿದ ಪಟ್ಟಿಯೊಳಗಿಂದ ಎಡಗಡೆಯ ತೂತು ಹೊಡೆದು ಮುಗಿದ ಮೇಲೆ ಬಲಗಡೆಯಿಂದಲೂ ಹಾಗೇ ಮಾಡಿದೆ. ಆಮೇಲೆ ಪರೀಕ್ಷೆ. ಹಿಂದಿನ ಸಾಲಿನ ಎಡ ತೂತಿಗೂ ಬಲ ತೂತಿಗೂ ಪಟ್ಟಿ ಇಟ್ಟೆ. ಎರಡೂ ಕಡೆಯಿಂದ ಬೇರೆ ಬೇರೆಯಾಗಿ ಬಂದ ಆ ಎರಡು ತೂತುಗಳ ನಡುವೆ ಹನ್ನೊಂದು ಅಂತರ ಸರಿಯಾಗಿ ಇರಲೇಬೇಕು. ಎಡಗಡೆ ಪಿನ್ನು ಹಾಕಿದೆ. ಬಲಗಡೆಯದನ್ನು ಹಾಕುವಾಗ ಕೈ ನಡುಗಿತು, ಸುಳ್ಳೇಕೆ ಹೇಳಲಿ. ಇಳಿಯಿತು. ಹೆಂಡತಿಯನ್ನು ಕರೆದು ತೋರಿಸಿದೆ. “ಏನ್ರೀ, ಇಷ್ಟಕ್ಕ ಕರದ್ರ್ಯಾ?” ಎಂದು ಒಳಗೆ ಹೋದಳು. ಉಳಿದ ಐದು ಸಾಲಿಗೆ ಪಟ್ಟಿಯನ್ನು ಎರಡೂ ಬದಿಯ ತೂತಿಗೆ ಪಿನ್ನು ಮಾಡಿ ಹೊಡೆಯುತ್ತ ಹೋಗುವುದಷ್ಟೆ.

ಆರನ್ನು ಇಪ್ಪತ್ತು ಮಾಡುವುದು ಬೇರೆ ತಾಪತ್ರಯ. ದೊಡ್ಡ ಬಿಟ್ಟು ಸಣ್ಣ ತೂತಿನ ನಡುವನ್ನು ಬಿಟ್ಟು ಓಡುತ್ತದೆ. ಲೇಥಿನವರ ಹತ್ತಿರ ಒಂದು ಕಟರ್ ಮಾಡಿಸಿದೆ: 18 ಮಿಲಿಮೀಟರ್ ಸರಳು, ಮೂತಿಯಲ್ಲಿ 6 ಮಿಲಿಮೀಟರಿನ ಪಿನ್ನು, ಅಡ್ಡಕ್ಕೆ ಸೀಳು ಕೊಯ್ದು ಕೂರಿಸಿದ ಎಚ್‌ಎಸ್‌ಎಸ್ ಟೂಲ್‌ಬಿಟ್, ಅಂದರೆ ಗಟ್ಟಿ ಉಕ್ಕಿನ ಕೊಯ್ಯುವ ತುಂಡು. ಪಿನ್ನು ಸಣ್ಣ ತೂತಿನಲ್ಲಿ ಇಳಿದು ನಡುವನ್ನು ಹಿಡಿದುಕೊಳ್ಳುತ್ತದೆ, ಬಿಟ್ಟು ಸುತ್ತ ಕೆರೆಯುತ್ತದೆ. ಚೂರು ಹಲಗೆಯ ಮೇಲೆ ನೋಡಿದಾಗ ತೂತು 20.4 ಬಂತು, ಕಲ್ಲಿಗೆ ಹಿಡಿದು ಮಸೆದು ಇಳಿಸಬೇಕಾಯಿತು. ಮೇಲಿನಿಂದ ಅರ್ಧ ಕೊಯ್ದು, ಹಲಗೆ ಮಗುಚಿ ಕೆಳಗಿನಿಂದ ಉಳಿದರ್ಧ ಕೊಯ್ದರೆ ಅಂಚು ಕಿತ್ತು ಬರುವುದಿಲ್ಲ. ಡ್ರಿಲ್ಲು ನಿಧಾನ ತಿರುಗಬೇಕು. ಅಂದ ಹಾಗೆ ನಮ್ಮ ಕಡೆ ಹಳೆಯ ಬಡಿಗೇರರು ಕೈಬೈರಿಗೆಗೆ ಗಿರಮಿಟ್ ಎನ್ನುತ್ತಾರೆ. ಹುಬ್ಬಳ್ಳಿ ಕಡೆಯ ಮಂಡಕ್ಕಿ ಗಿರ್ಮಿಟ್ಟಿಗೆ ಅದೇ ಹೆಸರು ಹೇಗೆ ಬಂತೋ, ಬಲ್ಲವರು ಇದೇ ಅಂಕಣಕ್ಕೆ ಬರೆಯಲಿ.

ಧೂಳಿನ ಬಗ್ಗೆ ಮಾತ್ರ ನಗದೆ ಹೇಳುತ್ತೇನೆ. ಎಂಡಿಎಫ್ ಕೊಯ್ದರೆ ಹಿಟ್ಟಿನಂಥ ಧೂಳು ಏಳುತ್ತದೆ, ಅದರಲ್ಲಿ ಅಂಟಿನ ಫಾರ್ಮಾಲ್ಡಿಹೈಡ್ ಇರುತ್ತದೆ. ಮರದ ಧೂಳು, ಫಾರ್ಮಾಲ್ಡಿಹೈಡ್ ಎರಡನ್ನೂ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿನಲ್ಲೇ ಇಟ್ಟಿದೆ. ಫೌಂಡ್ರಿಯ ಮರಳು ಧೂಳಿನಲ್ಲಿ ಜೊತೆಗಾರರ ಎದೆ ಹಾಳಾದದ್ದನ್ನು ಕಂಡವನು ನಾನು. ಟವೆಲ್ಲು ಕಟ್ಟಿಕೊಂಡರೆ ಸಾಲದು, ಒಳ್ಳೆಯ ಮಾಸ್ಕು ಬೇಕು, ಬಾಗಿಲು ತೆರೆದಿರಬೇಕು.

ಪ್ಲೈವುಡ್ ಏಕೆ ಬೇಡ ಎಂದು ಪಕ್ಕದ ಗಲ್ಲಿಯ ಆ ಹುಡುಗ ಕೇಳಿದ. ಪ್ಲೈಯಲ್ಲಿ ಪದರಗಳಿವೆ, ತೂತಿನ ಅಂಚು ಚಕ್ಕೆ ಏಳುತ್ತದೆ. ಎಂಡಿಎಫ್ ಎಲ್ಲ ಕಡೆಯೂ ಒಂದೇ ಸಮ. ಆದರೆ ನೀರು ಕುಡಿದರೆ ರೊಟ್ಟಿಯಂತೆ ಉಬ್ಬುತ್ತದೆ, ಬೆಳಗಾವಿಯ ಮಳೆ ಗೊತ್ತಲ್ಲ. ನಾನು ಪ್ಯಾಟರ್ನಿಗೆ ಹಚ್ಚುತ್ತಿದ್ದ ಅರಗಿನ ವಾರ್ನಿಶನ್ನೇ ಇದಕ್ಕೂ ಹಚ್ಚಿದೆ. ಚಪಡಾ ಅರಗನ್ನು ಸ್ಪಿರಿಟ್ಟಿನಲ್ಲಿ ರಾತ್ರಿಯೆಲ್ಲ ನೆನೆಹಾಕಿ, ಮೇಲೆ ಕೆಳಗೆ, ಒಂದೊಂದು ತೂತಿನ ಒಳಗೂ ಬಟ್ಟೆ ಸುತ್ತಿದ ಕಡ್ಡಿಯಿಂದ ಮೂರು ಕೈ. ಕರಾವಳಿಯವರು ಎಚ್‌ಡಿಎಚ್‌ಎಂಆರ್ ಹಲಗೆ ತೆಗೆದುಕೊಳ್ಳುವುದು ವಾಸಿ, ತೇವವನ್ನು ಇದಕ್ಕಿಂತ ಚೆನ್ನಾಗಿ ತಡೆಯುತ್ತದೆ.

ಗೂಟಗಳಿಗೆ 20 ಮಿಲಿಮೀಟರಿನ ಬ್ರೈಟ್ ಬಾರ್ ಎಂಬ ನುಣುಪು ಉಕ್ಕಿನ ಸರಳನ್ನು 60 ಮಿಲಿಮೀಟರಿನಂತೆ ಹತ್ತು ತುಂಡು ಮಾಡಿಸಿದೆ. ಆ ಸರಳು 20ಕ್ಕಿಂತ ಕೂದಲಷ್ಟು ಕಡಿಮೆಯೇ ಇರುತ್ತದೆ, ತೂತಿಗೆ ಹಿತವಾಗಿ ಇಳಿಯುತ್ತದೆ. ಒಂದು ಸಾಲಿನಲ್ಲಿ ಎರಡು ಗೂಟ, ಅದಕ್ಕೆ ಅಡ್ಡಲಾದ ಸಾಲಿನಲ್ಲಿ ಎರಡು ಗೂಟ, ಕಾಟಕೋನ (ಲಂಬಕೋನ) ಸಿದ್ಧ. ಮೂಲೆಯಿಂದ ಮೂಲೆಗೆ ಓರೆಯಾಗಿರುವ ತೂತುಗಳಿಗೆ ಹಾಕಿದರೆ 45 ಡಿಗ್ರಿ, ದೇವರ ಫೋಟೊದ ಕಟ್ಟು ಕೊಯ್ಯಲು ಬೇರೇನೂ ಬೇಡ. ಶಿಕಂಜಿ (ಕ್ಲಾಂಪ್) ಕೊಳ್ಳಲು ಹಣವಿಲ್ಲದವರು ಗೂಟಕ್ಕೂ ಕಟ್ಟಿಗೆಗೂ ನಡುವೆ ಎದುರುಬದುರು ಎರಡು ಬೆಣೆ ಬಡಿದರೆ ಸಾಕು, ರಂಧಾ (ಉಜ್ಜುಗೊರಡು) ಹೊಡೆದರೂ ಅಲುಗಾಡುವುದಿಲ್ಲ. ಹಲಗೆಯನ್ನು ಎರಡು ಘೋಡಿಗಳ (ಕಾಲಿರುವ ಆಸರೆಗಳ) ಮೇಲೆ ಇಡುತ್ತೇನೆ. ಹಲಗೆಯ ತೂಕ 12 ಕಿಲೋದ ಆಸುಪಾಸು, ಒಬ್ಬನೇ ಎತ್ತಿ ಆಟೋದಲ್ಲಿ ಹಾಕಬಹುದು. ನಡು ಜೋಲಬಾರದೆಂದು ಕೆಳಗೆ ಸಾಲುಗಳ ನಡುವೆ ಪಟ್ಟಿ ಬಡಿದಿದ್ದೇನೆ. ಒಂದೇ ಕಿರಿಕಿರಿ, ಸ್ಕ್ರೂ, ಪೆನ್ಸಿಲ್ ಎಲ್ಲ ತೂತಿನಿಂದ ಕೆಳಗೆ ಬೀಳುತ್ತವೆ. ಹಳೆಯ ಸೀರೆಯೊಂದನ್ನು ಕೆಳಗೆ ಜೋಲಿಯಂತೆ ಕಟ್ಟಿಕೊಂಡಿದ್ದೇನೆ.

ಖರ್ಚು: ಹಲಗೆ 900, ಪಟ್ಟಿಗಳು 1400, ಕಟರ್ 650, ಗೂಟ 500, ಅರಗು, ಸ್ಪಿರಿಟ್ 300. ಒಟ್ಟು 3,750. ಮೊದಲು ಕೆಡಿಸಿದ ಹಲಗೆಯನ್ನು ಲೆಕ್ಕಕ್ಕೆ ಹಿಡಿದಿಲ್ಲ, ಅದು ಈಗ ಕೋಳಿ ಗೂಡಿನ ಬಾಗಿಲು, ಗಾಳಿ ಚೆನ್ನಾಗಿ ಆಡುತ್ತದೆ. ಮೂರನೆಯ ಹಲಗೆಯನ್ನು, ಹುಳ ಹತ್ತಿದೆ ಎಂದವನೇ ಬಂದು ಮಾಡಿಕೊಂಡು ಹೋದ. ಅವನಿಗೆ ಬಿದ್ದದ್ದು 1,700 ರೂಪಾಯಿ, ಏಕೆಂದರೆ ಪಟ್ಟಿ, ಕಟರ್ ನನ್ನವು. ಒಂದೂವರೆ ದಿನದಲ್ಲಿ ಮುಗಿಸಿದ. ಈಗ ನಿಂತು ಕೆಲಸ ಮಾಡುತ್ತಾನೆ.

ನಾನು ಕೇಳುವುದು ಈ 1,700 ಮತ್ತು 3,750ರ ನಡುವಿನ 2,050 ರೂಪಾಯಿಯ ವಿಷಯ. ಒಬ್ಬೊಬ್ಬ ಬಡಿಗೇರನೂ ಪಟ್ಟಿ, ಕಟರ್ ಕೊಳ್ಳಬೇಕಾಗಿಲ್ಲ. ತಾಲ್ಲೂಕಿಗೆ ಒಂದು ಜೊತೆ ಇದ್ದರೆ ಸಾಕು, ಗ್ರಂಥಾಲಯದ ಪುಸ್ತಕದಂತೆ ಒಯ್ದು ತಂದುಕೊಡಲಿ. ಸರ್ಕಾರಿ ಐಟಿಐಗಳಲ್ಲಿ ಮಿಲ್ಲಿಂಗ್ ಮಶಿನ್ ಇದೆ, ಲೇಥ್ ಇದೆ. ಮಶಿನಿಸ್ಟ್ ಹುಡುಗರು ಪಟ್ಟಿ ಮಾಡಲಿ, ಟರ್ನರ್ ಹುಡುಗರು ಕಟರ್ ಮಾಡಲಿ, ಕಾರ್ಪೆಂಟರ್ ಟ್ರೇಡಿನವರು ಮೊದಲ ವಾರವೇ ತಮ್ಮ ತಮ್ಮ ಹಲಗೆ ಮಾಡಿಕೊಳ್ಳಲಿ. ವಿಶ್ವಕರ್ಮ ತರಬೇತಿಯ ಐದಾರು ದಿನಗಳಲ್ಲಿ ಒಂದೂವರೆ ದಿನ ಇದಕ್ಕೆ ಕೊಟ್ಟರೆ, ಸರ್ಟಿಫಿಕೇಟಿನ ಜೊತೆ ಮೇಜೂ ಮನೆಗೆ ಹೋಗುತ್ತದೆ. ಸೈಟಿನಲ್ಲಿ ಕೆಲವು ಕೆಲಸ ನೆಲದ ಮೇಲೇ ಆಗಬೇಕು, ಬಾಗಿಲಿನ ದೊಡ್ಡ ಚೌಕಟ್ಟನ್ನು ಈ ಹಲಗೆಯ ಮೇಲೆ ಯಾರೂ ಜೋಡಿಸುವುದಿಲ್ಲ. ಒಪ್ಪುತ್ತೇನೆ. ಆದರೆ ಕೊಯ್ಯುವುದಕ್ಕೂ ತೂತು ಹೊಡೆಯುವುದಕ್ಕೂ ಕಾಲು ಬೇಡ.

ಇದನ್ನು ಹೇಳಲು ಒಂದು ತರಬೇತಿ ಕೇಂದ್ರಕ್ಕೆ ಹಲಗೆ ಹೊತ್ತುಕೊಂಡೇ ಹೋಗಿದ್ದೆ. ಅಲ್ಲಿನವರು ಚಹಾ ಕೊಟ್ಟರು, ಪಿನ್ನು ಹಾಕಿ ತೆಗೆದು ನೋಡಿದರು, “ಭಾಳ ಛಲೋ ಐತ್ರಿ ಅಜ್ಜಾರ, ಆದ್ರ ಸಿಲೆಬಸ್‌ನ್ಯಾಗ ಇಲ್ಲರಿ” ಎಂದರು. ಅವರ ತಪ್ಪೂ ಅಲ್ಲ. ಸಿಲೆಬಸ್ ಬರೆಯುವವರಲ್ಲಿ ಯಾರಾದರೂ ನಿಮ್ಮ ಪತ್ರಿಕೆ ಓದುತ್ತಾರೆಂಬ ಆಸೆಯಿಂದ ಇಷ್ಟು ಬರೆದೆ.

ಅಲ್ಲಿಯವರೆಗೆ ನನ್ನ ಪಟ್ಟಿಗಳೇ ಊರು ಸುತ್ತುತ್ತಿವೆ. ಬೈಲಹೊಂಗಲಕ್ಕೆ ಹೋಗಿ ಬಂದವು, ಈಗ ಖಾನಾಪುರದಲ್ಲಿ ಬಾಗಿಲು ಮಾಡುವವನೊಬ್ಬನ ಹತ್ತಿರ ಇವೆ. ಅಮಾವಾಸ್ಯೆಗೆ ಅವನು ಹತ್ಯಾರ ಮುಟ್ಟುವುದಿಲ್ಲ, ಅಂದೇ ತಂದುಕೊಡುತ್ತೇನೆ ಎಂದಿದ್ದಾನೆ. ನಿಮ್ಮ ಫೋಟೊದ ಹುಡುಗ ಯಾವ ಊರಿನವನೋ, ವರದಿಗಾರರಿಗೆ ಗೊತ್ತಿರುತ್ತದೆ. ನನ್ನ ವಿಳಾಸ ಲಕೋಟೆಯ ಮೇಲಿದೆ, ಅವನಿಗೆ ತಿಳಿಸಿ. ಪಟ್ಟಿ, ಪಿನ್ನು, ಕಟರ್ ನಾನು ಕೊಡುತ್ತೇನೆ. 6 ಮಿಲಿಮೀಟರಿನ ಬಿಟ್ಟು ಮಾತ್ರ ಅವನೇ ತರಲಿ, ನನ್ನದು ಮೊಂಡಾಗಿದೆ.

— ನಿವೃತ್ತ ಪ್ಯಾಟರ್ನ್ ಮೇಕರ್, ಅನಗೋಳ, ಬೆಳಗಾವಿ